ಹಾಡುಗಾರನಿಲ್ಲದ ಸೀಡಿಗೆ ಬಂದ ವಿಮರ್ಶೆಗಳು

ಮೇಷ್ಟ್ರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಹಾಡೋನು ಇಲ್ದೇ ಒಂದು ಸೀಡಿ ಮಾಡ್ಬೇಕಲ್ಲಮ್ಮ" ಅಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಹಾಡುಗಾರ ಇಲ್ಲದೆ ಹಾಡಿನ ಸೀಡಿ! ಅಕ್ಕಿ ಇಲ್ಲದೆ ಅನ್ನಕ್ಕಿಡು ಅಂದ ಹಾಗಾಯಿತಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಡುವ ಅಭ್ಯಾಸ ನನ್ನದು. ಆದರೆ ಅವತ್ತು ಬಾಗಿಲಲ್ಲಿ ನಿಂತಿದ್ದ ಇನ್ನಿಬ್ಬರ ಮುಖ ನೋಡಿ ಟೀ ತರಿಸಿದೆ.

ಚಾಮರಾಜನಗರದ ಸತ್ಯಮಂಗಲ ರಸ್ತೆಯಲ್ಲಿ ಅಪ್ಪ ನಡೆಸುತ್ತಿದ್ದ ಮೈಕ್ ಸೆಟ್ಟಿನ ಅಂಗಡಿಯನ್ನು ಆಗ ನಾನು ನಡೆಸುತ್ತಿದ್ದೆ. ಮದುವೆ, ಸಭೆ, ಗಣಪತಿ ಎಲ್ಲಕ್ಕೂ ಹಾರ್ನು ಕಟ್ಟಿಸುವವಳು ನಾನೇ. ಊರಿನವರು ನನ್ನನ್ನು ಮೈಕಕ್ಕ ಅನ್ನುತ್ತಿದ್ದರು. ಅಂಗಡಿಯ ಹಿಂದಿನ ಗೋಡೌನಿನ ಗೋಡೆಗೆ ಮೊಟ್ಟೆಯ ಟ್ರೇ, ಅದರ ಮೇಲೆ ಗೋಣಿತಾಟು ಬಡಿಸಿ, ಒಂದು ಕಂಪ್ಯೂಟರ್ ಇಟ್ಟು ರೆಕಾರ್ಡಿಂಗ್ ಕೋಣೆ ಮಾಡಿದ್ದೆ. ಪಕ್ಕದ ಮನೆಯವರು ಬೋರ್‌ವೆಲ್ ಮೋಟರು ಹಾಕಿದರೆ ಸ್ಪೀಕರಿನಲ್ಲಿ ಹುಂ ಅಂತ ಸದ್ದು ಬರುತ್ತಿತ್ತು. ಮೋಟರು ನಿಂತಾಗ ಕರೆಂಟು ಇರುತ್ತಿರಲಿಲ್ಲ. ಈ ಎರಡರ ನಡುವೆ ಸಿಕ್ಕ ಹೊತ್ತಿನಲ್ಲಿ ನಮ್ಮ ರೆಕಾರ್ಡಿಂಗು.

ಬಂದಿದ್ದವರು 'ಕಾಡಂಚು' ತಂಡದವರು. ಗುಂಡ್ಲುಪೇಟೆಯಲ್ಲಿ ಎಂಬತ್ತರ ದಶಕದಲ್ಲಿ ಕಟ್ಟಿದ ತಂಡ. ಗಿಟಾರಿನ ಮೇಷ್ಟ್ರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ತಂಡ ಕಟ್ಟಿದವರೂ ಅವರೇ. ಬೇಸ್ ಗಿಟಾರು ನುಡಿಸುವವರು ಬತ್ತೇರಿ ಕಡೆಯಿಂದ ಬಂದು ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟ ಮಲಯಾಳಿ. ಡ್ರಮ್ಮಿನವನು ಲೇತ್ ಅಂಗಡಿ ಇಟ್ಟಿದ್ದವನು. ಡ್ರಮ್ ಸೆಟ್ಟಿನ ಮೇಲೆ ತಮಟೆಯ ಏಟು ಹೊಡೆಯುತ್ತಿದ್ದ. ಇಂಪು ಅನ್ನುವ ಮಾತು ಇವರ ಹತ್ತಿರ ಸುಳಿಯುವುದಿಲ್ಲ. ಮೇಷ್ಟ್ರ ಗಿಟಾರು ತಗಡು ಕೊಯ್ದ ಹಾಗೆ ಕಿರ್ ಅನ್ನುತ್ತದೆ, ಬೇಸು ಎದೆಗೇ ಗುದ್ದುತ್ತದೆ. ಆರ್ಕೆಸ್ಟ್ರಾದವರು ಇವರನ್ನು ಕಂಡರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಕಡೆಯ ಹುಡುಗರು ಮಾತ್ರ ಇವರ ಹಿಂದೆ ಹುಚ್ಚು ಹಿಡಿದು ಓಡುತ್ತಿದ್ದರು. ಆ ಹುಡುಗರಿಗೆಲ್ಲ ಈಗ ತಲೆ ನರೆತಿದೆ.

ಹಾಡುಗಾರ ಚಾಮರಾಜನಗರ–ಗುಂಡ್ಲುಪೇಟೆ ಖಾಸಗಿ ಬಸ್ಸಿನ ಕಂಡಕ್ಟರ್. ಅರ್ಧ ಹಾಡು, ಅರ್ಧ ಕೂಗು. ನಮ್ಮ ಸೀಮೆಯಲ್ಲಿ ದೇವರ ಕಥೆ ಹಾಡುವವರದ್ದು ಒಂದು ಪದ್ಧತಿ ಇದೆ. ಮುಂದಾಳು ಒಂದು ಸೊಲ್ಲು ಎತ್ತುತ್ತಾನೆ, ಹಿಮ್ಮೇಳದವರು ಅದಕ್ಕೆ ಸೊಲ್ಲು ಕೊಡುತ್ತಾರೆ. ಕಾಡಂಚಿನ ಹಾಡುಗಳ ಕಟ್ಟಡವೂ ಅದೇ. ಹಾಡುಗಾರ ಪ್ರಶ್ನೆ ಕೇಳುತ್ತಾನೆ, ಉಳಿದ ಮೂವರು ಉತ್ತರ ಕೂಗುತ್ತಾರೆ. "ರಾಗಿ ಹೊಲಕ್ಕೆ ಆನೆ ಬುಟ್ಟೋರು ಯಾರಣ್ಣ?" ಅಂತ ಅವನು ಕೇಳಿದರೆ "ನಾವಲ್ಲ!" ಅಂತ ಇವರು. ಆ ಮನುಷ್ಯ ಅದರ ಹಿಂದಿನ ವರ್ಷ ಎದೆನೋವು ಅಂತ ಕೂತವನು ಏಳಲೇ ಇಲ್ಲ. ಅವನು ಹೋದ ಮೇಲೆ ಇವರು ಒಂದು ಕಾರ್ಯಕ್ರಮವನ್ನೂ ಕೊಟ್ಟಿರಲಿಲ್ಲ.

"ಯಾರು ಹಾಡ್ತೀರಿ ಮೇಷ್ಟ್ರೇ?" ಅಂದೆ.

"ಅದನ್ನ ಇಲ್ಲೇ ನೋಡನ ಅಂತ ಬಂದೋ."

ಸರಿ, ನೋಡೋಣ ಅಂತ ಶುರು ಮಾಡಿದೆವು. ಮೊದಲು ವಾದ್ಯ, ಆಮೇಲೆ ಉತ್ತರದ ಕೂಗು, ಕೊನೆಗೆ ಪ್ರಶ್ನೆ ಎನ್ನುವುದು ನನ್ನ ಲೆಕ್ಕ. ಡ್ರಮ್ಮನ್ನು ಮೂಲೆಗೆ ಹಾಕಿ ಸುತ್ತ ಹಾಸಿಗೆ ನಿಲ್ಲಿಸಿದೆ. ಬೇಸನ್ನು ಮೈಕ್ ಇಲ್ಲದೆ ನೇರ ವೈರಿನಲ್ಲಿ ಮಿಕ್ಸರಿಗೆ ಕೊಟ್ಟೆ. ಮೇಷ್ಟ್ರ ಆಂಪ್ಲಿಫೈಯರನ್ನು ನಮ್ಮ ಬಚ್ಚಲಿಗೆ ಸಾಗಿಸಿ ಅಲ್ಲಿ ಒಂದು ಮೈಕ್ ಇಟ್ಟೆ. ಬಚ್ಚಲಿನ ಗೋಡೆಗೆ ಬಡಿದು ಬಂದ ಸದ್ದು ಎಷ್ಟು ಚೆನ್ನಾಗಿತ್ತೆಂದರೆ, ರೆಕಾರ್ಡಿಂಗ್ ಮುಗಿಯುವವರೆಗೆ ನಮ್ಮ ಮನೆಯವರೆಲ್ಲ ಹಿತ್ತಲಲ್ಲಿ ಸ್ನಾನ ಮಾಡಿದರು. ವಾದ್ಯಗಳು ಬೇಗ ಮುಗಿದವು. ಉತ್ತರದ ಕೂಗನ್ನು ಮೂವರೂ ಒಂದೇ ಮೈಕಿನ ಸುತ್ತ ನಿಂತು ಕೂಗಿದರು. ಅದೂ ಸೊಗಸಾಗಿ ಬಂತು. ಪ್ರಶ್ನೆಯ ಜಾಗದಲ್ಲಿ ಡ್ರಮ್ಮು, ಬೇಸು ಮಾತ್ರ ನಡೆಯುತ್ತಿದ್ದವು. ಅಲ್ಲಿಗೆ ದನಿ ತುಂಬುವುದು ಬಾಕಿ.

ನಮ್ಮ ಕಷ್ಟ ಶುರುವಾದದ್ದೇ ಅಲ್ಲಿಂದ. ಮೊದಲು ಮೇಷ್ಟ್ರೇ ಪ್ರಯತ್ನಿಸಿದರು. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಬಂತು. ಡ್ರಮ್ಮಿನವನ ದನಿ ಎತ್ತರಕ್ಕೆ ಹೋದರೆ ಒಡೆಯುತ್ತಿತ್ತು. ಬೇಕರಿಯವರು ಕಣ್ಣು ಮುಚ್ಚಿ ಭಕ್ತಿಯಿಂದ ಹಾಡಿದರು. ಮುಗಿಸಿ ಕಣ್ಣು ಬಿಟ್ಟು, ತಮ್ಮ ಭಾಷೆಯಲ್ಲಿ ನನ್ನನ್ನು ಅಕ್ಕ ಅಂತ ಕರೆದು, "ಹೇಗಿತ್ತು ಚೇಚಿ?" ಅಂದರು.

"ಪಫ್ಸ್ ಬೇಯಿಸೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರೂ ಇಲ್ಲ" ಅಂದೆ. ಪಾಪ, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ಮೈಸೂರಿನಿಂದ ಒಬ್ಬ ಆರ್ಕೆಸ್ಟ್ರಾ ಗಾಯಕನನ್ನು ಕರೆಸಿದೆವು. ಒಳ್ಳೆ ಕಂಠ, ಒಳ್ಳೆ ಹುಡುಗ, ಮೈಕಿನ ಮುಂದೆ ನಿಲ್ಲುವುದೂ ಗೊತ್ತು. ಕೂತ ಕೂಡಲೇ "ಸಾಹಿತ್ಯ ಕೊಡಿ ಸರ್" ಅಂದ. ಮೇಷ್ಟ್ರು ಜೇಬು ತಡಕಿದರು, ಬೇಕರಿಯವರ ಮುಖ ನೋಡಿದರು. ಬೇಕರಿಯವರು ಡ್ರಮ್ಮಿನವನ ಮುಖ ನೋಡಿದರು. ಸಾಹಿತ್ಯವೇ ಇರಲಿಲ್ಲ! ಇಷ್ಟು ವರ್ಷ ಹಾಡಿದ ತಂಡದ ಹತ್ತಿರ ಇದ್ದದ್ದು ಬರೀ ಉತ್ತರಗಳು. ಪ್ರಶ್ನೆಗಳನ್ನು ಆ ಪುಣ್ಯಾತ್ಮ ಒಂದೊಂದು ಊರಿನಲ್ಲಿ ಒಂದೊಂದು ಥರ, ನಿಂತ ನಿಲುವಿನಲ್ಲೇ ಕೇಳುತ್ತಿದ್ದ. ಹರವೆಯಲ್ಲಿ ಕೇಳಿದ್ದನ್ನು ಚಂದಕವಾಡಿಯಲ್ಲಿ ಕೇಳುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಜಗಳವಾಡಿದರೆ ಸಂಜೆಯ ಹಾಡಿಗೆ ಅದೇ ಪ್ರಶ್ನೆಯಾಗುತ್ತಿತ್ತು.

ನೆನಪಿದ್ದ ನಾಲ್ಕು ಪ್ರಶ್ನೆಗಳನ್ನು ಮೇಷ್ಟ್ರು ಬಾಯಲ್ಲಿ ಹೇಳಿಕೊಟ್ಟರು. ಆ ಹುಡುಗ ರಾಗ ಎಳೆದು, ಗಮಕ ಹಾಕಿ, ಆನೆ ಬಿಟ್ಟವರು ಯಾರು ಅಂತ ಪ್ರೇಯಸಿಯನ್ನು ಕೇಳಿದ ಹಾಗೆ ಕೇಳಿದ. ಡ್ರಮ್ಮಿನವನು ನಗು ತಡೆಯಲಾರದೆ ಹಾಸಿಗೆಯ ಹಿಂದೆ ಬಗ್ಗಿಬಿಟ್ಟ. ಹುಡುಗನಿಗೆ ಊಟ ಹಾಕಿಸಿ, ಮರ್ಯಾದೆಯಿಂದ ಮೈಸೂರು ಬಸ್ಸು ಹತ್ತಿಸಿದೆವು.

ಉಳಿದದ್ದು ಹಳೇ ಕ್ಯಾಸೆಟ್ಟು. ಕಾರ್ಯಕ್ರಮಗಳಲ್ಲಿ ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ಅವನ ದನಿ ಇತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ, ಪ್ರಶ್ನೆಯಷ್ಟನ್ನೇ ಕತ್ತರಿಸಿ, ಹೊಸ ವಾದ್ಯದ ನಡುವೆ ಕೂರಿಸಲು ಹೊರಟೆ. ಟೇಪು ಎಳೆದಾಡಿ ದನಿ ಒಮ್ಮೆ ದಪ್ಪ, ಒಮ್ಮೆ ಸಣ್ಣ. ಅವನ ಹಿಂದೆ ಜನರ ಗಲಾಟೆ, ಪೀಪಿಯ ಸದ್ದು. ಕೇಳಲು ಅವನ ಹೆಂಡತಿಯನ್ನು ಕರೆಸಿದೆವು. ಆಕೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲ್ ನಡೆಸುವ ಗಟ್ಟಿ ಹೆಂಗಸು. ಹೆಡ್‌ಫೋನ್ ಹಾಕಿಕೊಂಡು ಒಂದು ಹಾಡು ಪೂರ್ತಿ ಕೇಳಿದರು. ಕಣ್ಣು ಒದ್ದೆಯಾಗಿತ್ತು, ಆದರೆ ಮಾತು ಎಂದಿನ ಹಾಗೇ ಖಡಕ್ಕಾಗಿತ್ತು.

"ಬ್ಯಾಡ ಕಣಮ್ಮಿ. ಅದು ಆವತ್ತಿನ ಜನಕ್ಕೆ ಕೇಳಿದ್ ಪ್ರಶ್ನೆ. ಇವತ್ತು ಅದ ಕೇಳಿದ್ರೆ ಯಾರಿಗೆ ಕೇಳ್ದಂಗಾಯ್ತದೆ? ಸತ್ತೋರ ತಂದು ಡ್ಯೂಟಿಗೆ ಹಾಕ್ಬ್ಯಾಡ ಬುಡು."

ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ ಅವರ ಕೈಗೇ ಕೊಟ್ಟೆ.

ಮೇಷ್ಟ್ರು ಕೊನೆಗೆ, "ಖಾಲಿ ಜಾಗ ಕತ್ತರಿಸಿ, ಉತ್ತರಗಳ್ನ ಒಂದರ ಪಕ್ಕ ಒಂದು ಕೂರ್ಸಮ್ಮ" ಅಂದರು. ಕೂರಿಸಿದೆ. ನಾವಲ್ಲ, ನಮಗೇನು ಗೊತ್ತು, ನಿನ್ನೆ ಇತ್ತು, ನಾವಲ್ಲ ಅಂತ ಮೂವರೂ ಪೊಲೀಸ್ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದವರ ಹಾಗೆ ಒದರುತ್ತಿದ್ದರು. ಖಾಲಿ ಜಾಗವನ್ನು ಮತ್ತೆ ಅದರ ಜಾಗಕ್ಕೆ ಇಟ್ಟು ಕೇಳಿದೆ. ಈಗ ಬೇಸು ನಡೆಯುತ್ತದೆ, ಡ್ರಮ್ಮಿನವನ ಸ್ಟೂಲು ಕಿರುಗುಡುತ್ತದೆ, ಕೂಗುವ ಮುಂಚೆ ಮೂವರೂ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ, ಆಮೇಲೆ "ನಾವಲ್ಲ!" ಯಾಕೋ ಏನೋ, ನನಗೆ ಅದು ಸರಿ ಅನ್ನಿಸಿತು. ಆ ಸಣ್ಣಪುಟ್ಟ ಸದ್ದನ್ನೂ ನಾನು ಅಳಿಸಲಿಲ್ಲ. "ಹಿಂಗೇ ಇರ್ಲಿ ಮೇಷ್ಟ್ರೇ. ಇದ್ದದ್ದು ಇದ್ದಂಗೆ" ಅಂದೆ. ಅವರಿಗೆ ಮನಸ್ಸಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಸೀಡಿ ಹಾಗೇ ಹೊರಬಂತು.

ಅಬ್ಬಬ್ಬಾ, ಆಮೇಲೆ ಬಿತ್ತು ನೋಡಿ ಏಟು!

ಮೊದಲ ವಿಮರ್ಶೆ ಗುಂಡ್ಲುಪೇಟೆಯ ಕ್ಯಾಸೆಟ್ ಅಂಗಡಿಯಿಂದ ಬಂತು. ಮಾರಲು ಕೊಟ್ಟಿದ್ದ ಸೀಡಿಗಳನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬಿ, ಮೇಲೆ 'ಡಿಫೆಕ್ಟ್' ಅಂತ ಬರೆದು ವಾಪಸ್ ಕಳಿಸಿದ್ದರು. ಆಗಿನ ಅಗ್ಗದ ಸೀಡಿಗಳಲ್ಲಿ ಎಷ್ಟೋ ಸಲ ಒಂದು ಸ್ಪೀಕರಿನಲ್ಲಿ ದನಿ, ಇನ್ನೊಂದರಲ್ಲಿ ವಾದ್ಯ ಬರುತ್ತಿತ್ತು. ನಮ್ಮ ಸೀಡಿ ಹಾಕಿದವರೆಲ್ಲ ತಮ್ಮ ಸ್ಪೀಕರೇ ಸುಟ್ಟಿದೆ ಅಂದುಕೊಂಡರು. ಒಬ್ಬ ಆಟೋದವನು ಎರಡು ವೈರು ಬದಲಾಯಿಸಿದನಂತೆ. ಚಾಮರಾಜನಗರ–ಗುಂಡ್ಲುಪೇಟೆ ಬಸ್ಸಿನ ಡ್ರೈವರು, ನಮ್ಮ ಹಾಡುಗಾರನ ಜೊತೆ ಕೆಲಸ ಮಾಡಿದ್ದವನು, ಬಸ್ಸಿನ ಸ್ಪೀಕರನ್ನೇ ಬಿಚ್ಚಿಕೊಂಡು ನನ್ನ ಅಂಗಡಿಗೆ ಬಂದ.

"ವಾಯ್ಸೇ ಬತ್ತಿಲ್ಲ ಕಣಕ್ಕ! ಉತ್ತರ ಬತ್ತದೆ, ಪ್ರಶ್ನೆ ಬತ್ತಿಲ್ಲ. ಇದ್ಯಾವ ಸೀಮೆ ಸ್ಪೀಕರು ಕೊಟ್ಬುಟ್ಟೆ ನೀನು?"

"ಸ್ಪೀಕರು ಸರಿಯಾಗದೆ ಕಣಪ್ಪ. ಸೀಡಿನೇ ಹಂಗೆ ಮಾಡಿರೋದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬೇಕಂತಲೇ?" ಅಂದ.

"ಬೇಕಂತಲೇ."

"ಅಯ್ಯೋ ಶಿವನೇ" ಅಂತ ಸ್ಪೀಕರು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೈಸೂರಿನ ಪತ್ರಿಕೆಯೊಂದರಲ್ಲಿ ಸಂಗೀತದ ಬಗ್ಗೆ ಬರೆಯುವವರೊಬ್ಬರಿದ್ದರು. ಕಾಡಂಚಿನ ಹಳೇ ಕಾರ್ಯಕ್ರಮಗಳನ್ನು ನೋಡಿ ಮೆಚ್ಚಿ ಬರೆದಿದ್ದವರೇ. ಅವರು ಈ ಸೀಡಿಯನ್ನು ಪ್ರಶ್ನೆಪತ್ರಿಕೆ ಕಳೆದುಹೋದ ಉತ್ತರಪತ್ರಿಕೆ ಅಂದುಬಿಟ್ಟರು. ವಾದ್ಯ ಮೊದಲಿಗಿಂತ ಬಿಗಿಯಾಗಿದೆ, ಆದರೆ ಹಾಡುಗಾರನನ್ನು ಕಳೆದುಕೊಂಡ ತಂಡಕ್ಕೆ ಅದನ್ನು ಒಪ್ಪಿಕೊಳ್ಳುವ ಧೈರ್ಯವಿಲ್ಲ, ಇನ್ನು ನಿಲ್ಲಿಸುವುದೇ ಗೌರವ ಅಂತ ಮುಗಿಸಿದ್ದರು. ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆಯವರಿಗೆ ಸೀಡಿ ಹೇಗೆ ಸಿಕ್ಕಿತೋ, ಅವರು ಅದನ್ನು ಆಕಾಶಕ್ಕೆ ಏರಿಸಿದರು. ಈ ಮೌನ ಸಾವಿನ ಮೌನ, ಇದು ಶೂನ್ಯದ ಸಂಗೀತ ಅಂತ ಏನೇನೋ. ಮೇಷ್ಟ್ರು ಅದನ್ನು ಕನ್ನಡಕ್ಕೆ ಬಿಡಿಸಿ ಓದಿದಾಗ ಡ್ರಮ್ಮಿನವನು, "ಲೇ, ಅಲ್ಲಿ ನನ್ ಸ್ಟೂಲು ಕಿರುಗುಟ್ಟಿದ್ದು ಕಣ್ಲಾ! ಅದೂ ಶೂನ್ಯವಾ?" ಅಂದ. ನಾನೂ ಬೇಕರಿಯವರೂ ನಕ್ಕೆವು. ಮೇಷ್ಟ್ರು ನಗಲಿಲ್ಲ.

ಬೈದದ್ದಕ್ಕಿಂತ ಹೊಗಳಿದ್ದೇ ಅವರಿಗೆ ಹೆಚ್ಚು ನೋವಾಗಿತ್ತು. ಪೇಪರನ್ನು ಮಡಚಿ ಗಿಟಾರಿನ ಚೀಲಕ್ಕೆ ತುರುಕಿ ಅಂದರು, "ಆಯ್ತು. ಮೈಸೂರಿನೋರು ಹೇಳಿದ್ದೇ ಸರಿ. ನಂದು ಈ ವರ್ಷ ರಿಟೈರ್‌ಮೆಂಟು. ಇದನ್ನೂ ಅದರ ಜೊತೆಗೇ ಮುಗಿಸ್ಬುಡ್ತೀನಿ. ಗಿಟಾರು ಮಾರ್ತೀನಿ."

ತಮಾಷೆಗೆ ಅಂದದ್ದಲ್ಲ ಅಂತ ಗೊತ್ತಾಗುತ್ತಿತ್ತು. ಮೇಷ್ಟ್ರು ಗಿಟಾರು ಬಿಟ್ಟರೆ ಕಾಡಂಚು ಇಲ್ಲ. ಬೇಕರಿಯವರು ಬ್ರೆಡ್ಡು ಸುಡುತ್ತಾರೆ, ಡ್ರಮ್ಮಿನವನು ಕಬ್ಬಿಣ ಕಡೆಯುತ್ತಾನೆ, ಇವರು ಮನೆಯಲ್ಲಿ ಕೂತು ಗೋಡೆ ನೋಡುತ್ತಾರೆ. ಖಾಲಿ ಜಾಗ ಹಾಗೇ ಇರಲಿ ಅಂದವಳು ನಾನೇ ಅಲ್ಲವೇ? "ಒಂದು ಕೆಲಸ ಮಾಡನ ಮೇಷ್ಟ್ರೇ. ಖಾಲಿ ಜಾಗಕ್ಕೆಲ್ಲ ಗಿಟಾರು ತುಂಬಿ ಇನ್ನೊಂದು ಸಲ ಸೀಡಿ ತೆಗೆಯನ. ಆಮೇಲೆ ನೀವು ಬೇಕಾದ್ದು ಮಾಡಿ" ಅಂದೆ. ಕೊನೆಯದು ಅಂತ ಅವರು ಒಪ್ಪಿದರು. ಮೇಷ್ಟ್ರಿಗೆ ಶಾಲೆ ಬಿಟ್ಟು ಬರಲು ಆಗುವುದಿಲ್ಲ ಅಂತ, ನಾನೇ ಕಂಪ್ಯೂಟರು ಹೊತ್ತು ಗುಂಡ್ಲುಪೇಟೆಗೆ ಹೋಗುವುದು ಅಂತಾಯಿತು.

ಆ ಬೆಳಿಗ್ಗೆ ಹತ್ತಿದ್ದು ಅದೇ ಡ್ರೈವರಿನ ಬಸ್ಸು. ಕಂಪ್ಯೂಟರಿನ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಇಂಜಿನ್ನಿನ ಪಕ್ಕ ಇಟ್ಟು ಕೂತೆ. ಬಸ್ಸಿನ ತುಂಬ ಜನ, ಅರಿಶಿನದ ಮೂಟೆ, ಸೊಪ್ಪಿನ ಗಂಟು, ಶಾಲೆಗೆ ಹೋಗುವ ಹೆಣ್ಣುಮಕ್ಕಳು. ಊರು ದಾಟುತ್ತಿದ್ದ ಹಾಗೇ ಡ್ರೈವರು ಸೀಡಿ ಹಾಕಿದ. ನಮ್ಮದೇ! ನನಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದೆ.

ಬೇಸು ಶುರುವಾಯಿತು. ಡ್ರಮ್ಮು ಬಂತು. ಖಾಲಿ ಜಾಗ ಬಂತು. ಹಿಂದಿನ ಸೀಟಿನಿಂದ ಯಾರೋ ಕೂಗಿದರು, "ಟಿಕೀಟು ತಗಳ್ದೇ ಕುಂತೋರು ಯಾರಣ್ಣಾ?"

"ನಾವಲ್ಲ!" ಅಂದಿತು ಸೀಡಿ.

ಇಡೀ ಬಸ್ಸು ಗೊಳ್ಳೆಂದಿತು. ನಾನು ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಖಾಲಿ ಜಾಗ. ಸೊಪ್ಪಿನ ಗಂಟಿನ ಅಜ್ಜಿ ಕೈಯೆತ್ತಿ, "ನನ್ ಕೊತ್ತಮಿರಿ ತುಳ್ದೋರು ಯಾರ್ಲಾ?" ಅಂದಳು.

"ನಾವಲ್ಲ!"

"ನೀವೇ ಕಣ್ರಲಾ, ಬೂಟ್ ಕಾಲ್ನೋರೇ!" ಅಂತ ಅಜ್ಜಿ ಸ್ಪೀಕರಿಗೇ ಬೈದಳು. ಶಾಲೆಯ ಹುಡುಗಿಯೊಬ್ಬಳು ಹೋಂವರ್ಕ್ ಮಾಡದೆ ಬಂದವರು ಯಾರು ಅಂತ ಕೇಳಿದಳು. ಇನ್ನೊಬ್ಬ ಮದುವೆಗೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡವರು ಯಾರು ಅಂದ. ಮುಂದಿನ ಹಾಡಿನ ಉತ್ತರ "ನಿನ್ನೆ ಇತ್ತು, ಇವತ್ತಿಲ್ಲ!" ಅದಕ್ಕೆ ಯಾರೋ ತೆರಕಣಾಂಬಿಯ ರಸ್ತೆಯ ಡಾಂಬರು ಎಲ್ಲಣ್ಣ ಅಂತ ಕೇಳಿದರು. ಸರಿಯಾಗಿ ಅದೇ ಹೊತ್ತಿಗೆ ಬಸ್ಸು ಹಳ್ಳಕ್ಕೆ ಇಳಿದು ಎಲ್ಲರೂ ಎಗರಿದೆವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ನೀರೆಲ್ಲ ನಗುವಿನದ್ದೇ ಅಂತ ಮಾತ್ರ ಹೇಳಲಾರೆ.

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, "ದಿನಾ ಹಿಂಗೇ ಕಣಕ್ಕ! ಮೊದಮೊದ್ಲು ಸ್ಪೀಕರು ಕೆಟ್ಟದೆ ಅಂತ ಬಯ್ಯೋರು. ಒಂದಿನ ಯಾರೋ ಸುಮ್ನಿರಕ್ಕಾಗ್ದೇ ಕೇಳ್ಬುಟ್ರು. ಈಗ ಹಾಕ್ದೇ ಇದ್ರೆ ಬಯ್ತಾರೆ" ಅಂದ.

ಗುಂಡ್ಲುಪೇಟೆಯಲ್ಲಿ ಇಳಿದವಳು ಕಂಪ್ಯೂಟರನ್ನು ಇಡ್ಲಿ ಹೋಟೆಲಿನಲ್ಲಿ ಇಟ್ಟು, ಹಾಡುಗಾರನ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ಗಿಟಾರು ಮಾರುವ ಮಾತಾಡಿದ್ದನ್ನೂ ಹೇಳಿದೆ. ಅವರು ಸಾಂಬಾರಿನ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡು, "ಮಾರ್ತಾರಂತಾ? ಮಾರ್ಲಿ ನೋಡ್ತೀನಿ" ಅಂದರು. ನಾನು ಅಲ್ಲೇ ನಿಶ್ಚಯ ಮಾಡಿದೆ. ಒಂದು ಖಾಲಿ ಜಾಗವನ್ನೂ ತುಂಬುವುದಿಲ್ಲ. ಅದು ತುಂಬಿಯೇ ಇದೆ, ನಾವು ಕೋಣೆಯಲ್ಲಿ ಕೂತು ಕೇಳಿದ್ದರಿಂದ ನಮಗೆ ಗೊತ್ತಾಗಿರಲಿಲ್ಲ.

ಬಾಯಲ್ಲಿ ಹೇಳಿದರೆ ನಂಬುವ ಜನವಲ್ಲ ಮೇಷ್ಟ್ರು. ಭಾನುವಾರ ಅವರನ್ನು ಬಲವಂತವಾಗಿ ಅದೇ ಬಸ್ಸಿಗೆ ಹತ್ತಿಸಿದೆ. ಗುರುತು ಸಿಗದಿರಲಿ ಅಂತ ತಲೆಗೆ ಮಂಗನ ಟೋಪಿ ಹಾಕಿಸಿದ್ದೆ. ಮೊದಲ ಪ್ರಶ್ನೆಗೆ ಅವರು ಸೀಟಿನ ಕಂಬಿ ಹಿಡಿದುಕೊಂಡರು. ಎರಡನೆಯದಕ್ಕೆ ಟೋಪಿ ತೆಗೆದರು. ಆಮೇಲೆ ಒಬ್ಬ ಗಂಡಸು ತಾಳಕ್ಕಿಂತ ಮುಂಚೆ ಪ್ರಶ್ನೆ ಕೇಳಿಬಿಟ್ಟಾಗ ಮೇಷ್ಟ್ರು ಎದ್ದು ನಿಂತು, "ಏಯ್, ಡ್ರಮ್ಮಿನ ನಾಲ್ಕನೇ ಏಟು ಬೀಳೋವರ್ಗೂ ತಡ್ಕೊಳಯ್ಯಾ!" ಅಂತ ಗದರಿದರು. ಬಸ್ಸಿನವರಿಗೆ ಆಗ ಗುರುತು ಸಿಕ್ಕಿತು. ಮೇಷ್ಟ್ರು ಬಂದವ್ರೆ ಮೇಷ್ಟ್ರು ಬಂದವ್ರೆ ಅಂತ ಒಂದೇ ಗಲಾಟೆ. ಅವರು ನಾಚಿಕೊಂಡು ಕೂತರು. ಇಳಿಯುವಾಗ ಮಾತ್ರ ನನಗೆ, "ಇದು ಬಸ್ಸು ಕಣಮ್ಮ. ಇಲ್ಲಿ ಎಲ್ರಿಗೂ ಎಲ್ರೂ ಗೊತ್ತು. ಸ್ಟೇಜಿನ ಮೇಲೆ ನಡೆಯೋ ಮಾತಲ್ಲ. ಅಲ್ಲಿ ಖಾಲಿ ಬಂದ್ರೆ ನಾವು ಮೂರು ಜನ ಹುಚ್ಚರಂಗೆ ನಿಂತಿರ್ಬೇಕಾಯ್ತದೆ" ಅಂದರು.

"ಒಂದೇ ಒಂದು ಕಾರ್ಯಕ್ರಮ ಮಾಡನ. ಖಾಲಿ ಬಂದ್ರೆ ಗಿಟಾರಿಗೆ ಗಿರಾಕಿ ನಾನೇ ಹುಡುಕ್ತೀನಿ" ಅಂತ ಪಂಥ ಕಟ್ಟಿದೆ.

ಮೈಸೂರಿನ ವಿಮರ್ಶಕರಿಗೂ ಫೋನು ಮಾಡಿದೆ. ಜಗಳವಾಡಬೇಕು ಅಂತಲೇ ಮಾಡಿದ್ದು. ಆದರೆ ಆ ಮನುಷ್ಯ ಸಾವಧಾನದಿಂದ ಕೇಳಿಸಿಕೊಂಡು, "ನಾನು ಹೆಡ್‌ಫೋನ್ ಹಾಕ್ಕೊಂಡು ಎರಡು ಸಲ ಕೇಳಿದೆ ಮೇಡಂ, ಸುಮ್ಮನೆ ಬರೆದದ್ದಲ್ಲ" ಅಂದರು.

"ಒಬ್ಬರೇ ಕೇಳಿದ್ರಿ ಸಾರ್. ನಾನೂ ಒಬ್ಬಳೇ ಕೇಳಿದ್ದೆ. ಬನ್ನಿ ಒಂದ್ಸಲ" ಅಂದೆ. ಬರುತ್ತೇನೆ ಅಂದರು.

ಗುಂಡ್ಲುಪೇಟೆಯ ಶಾಲಾ ಮೈದಾನದಲ್ಲಿ ಸಂಜೆ ಕಾರ್ಯಕ್ರಮ. ನನ್ನ ಕಸುಬಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬಂದಿರಲಿಲ್ಲ. ಯಾವತ್ತೂ ಮೈಕು ಸ್ಟೇಜಿನ ಮೇಲೆ, ಸ್ಪೀಕರು ಜನರ ಕಡೆ. ಇಲ್ಲಿ ಮೈಕನ್ನು ಜನರ ನಡುವೆ ಇಡಬೇಕು. ಸ್ಪೀಕರಿನ ಸದ್ದು ಆ ಮೈಕಿಗೆ ಹೋಯಿತೋ, ಕುಂಯ್ ಅಂತ ಕಿವಿ ಹರಿಯುತ್ತದೆ. ಸ್ಪೀಕರುಗಳನ್ನು ಜನರ ಮುಂದೆ, ತಗ್ಗಿಗೆ ಇಳಿಸಿದೆ. ಜನರ ಮೈಕುಗಳನ್ನು ಅವುಗಳಿಗೆ ಬೆನ್ನು ಮಾಡಿ, ಬಿದಿರು ಗಳು ಕಟ್ಟಿ ಜನರ ತಲೆಯ ಮೇಲಿಂದ ಇಳಿಬಿಟ್ಟೆ. ಒಂದು ಕೈ ಮೈಕಿಗೆ ಉದ್ದ ವೈರು ಹಾಕಿ, ಬೇಕಾದವರ ಕೈಗೆ ದಾಟುವ ಹಾಗೆ ಬಿಟ್ಟೆ. ಉತ್ತರ ಕೂಗುವಾಗ ಜನರ ಮೈಕು ಇಳಿಸಬೇಕು, ಖಾಲಿ ಜಾಗ ಬಂದಾಗ ಏರಿಸಬೇಕು. ಅಂದರೆ ಇಡೀ ಕಾರ್ಯಕ್ರಮ ನನ್ನ ಬೆರಳು ಮಿಕ್ಸರಿನ ಮೇಲೆ ತಾಳ ಹಾಕುತ್ತಲೇ ಇರಬೇಕು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸಿ ತೂಗು ಮೈಕುಗಳಲ್ಲಿ ಬುಸ್ ಬುಸ್ ಅನ್ನತೊಡಗಿತು. ಡ್ರಮ್ಮಿನವನ ಹೊಸ ಉಣ್ಣೆ ಕಾಲುಚೀಲಗಳನ್ನು ಕಿತ್ತು ಮೈಕುಗಳಿಗೆ ತೊಡಿಸಿದೆ. ಅವನು ಬರಿಗಾಲಲ್ಲಿ ಡ್ರಮ್ಮು ಬಾರಿಸಿದ.

ಜನ ಬಂದರು. ಮೈದಾನ ತುಂಬಿತು. ಆದರೆ ಮೊದಲ ಹಾಡಿನ ಮೊದಲ ಖಾಲಿ ಜಾಗ ಬಂದಾಗ ಯಾರೂ ಬಾಯಿ ಬಿಡಲಿಲ್ಲ. ಸ್ಟೇಜು ಅಂದರೆ ಕೈಕಟ್ಟಿ ಕೂರುವುದು ಅನ್ನುವ ಅಭ್ಯಾಸ. ಬೇಸು ನಡೆಯಿತು, ಮೂವರೂ ಉಸಿರೆಳೆದುಕೊಂಡು "ನಾವಲ್ಲ!" ಅಂದರು. ಎರಡನೆಯ ಸಲವೂ ಅಷ್ಟೇ. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಜನರ ಮೈಕನ್ನು ಇನ್ನೊಂದು ಗೆರೆ ಏರಿಸಿದೆ.

ಮೂರನೆಯ ಸಲ, ಕೈ ಮೈಕನ್ನು ಯಾರೋ ಕಿತ್ತುಕೊಂಡ ಗರಗರ ಸದ್ದು ಬಂತು. ತಿರುಗಿ ನೋಡಿದೆ. ಮೈಸೂರಿನ ವಿಮರ್ಶಕರು! ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಶುದ್ಧ ಪುಸ್ತಕದ ಕನ್ನಡದಲ್ಲಿ, "ಸರಿಯಾಗಿ ಕೇಳಿಸಿಕೊಳ್ಳದೆ ವಿಮರ್ಶೆ ಬರೆದವರು ಯಾರಣ್ಣ?" ಅಂದರು.

"ನಾವಲ್ಲ!" ಅಂತ ಸ್ಟೇಜು ಗುಡುಗಿತು. ಬೇಕರಿಯವರಿಗೆ ನಗು ಬಂದು ಬೇಸಿನ ಒಂದು ಏಟು ತಪ್ಪಿತು.

ಅಷ್ಟು ಸಾಕಾಯಿತು. ಆಮೇಲೆ ಮೈಕಿಗೆ ಬಿಡುವೇ ಇರಲಿಲ್ಲ. ಹರವೆಯವರು ಒಂದು ಕಡೆಯಿಂದ, ತೆರಕಣಾಂಬಿಯವರು ಇನ್ನೊಂದು ಕಡೆಯಿಂದ ಪ್ರಶ್ನೆ ಎಸೆಯತೊಡಗಿದರು. ಸೊಪ್ಪಿನ ಅಜ್ಜಿಗೆ ಮೈಕೇ ಬೇಕಿರಲಿಲ್ಲ. ಹಳೇ ಪ್ರಶ್ನೆಗಳನ್ನು ನೆನಪಿಟ್ಟಿದ್ದವರು ಅವನ ಧಾಟಿಯಲ್ಲೇ ಕೇಳಿದರು. ಹೊಸಬರು ತಮಗೆ ತೋಚಿದ್ದನ್ನು ಕೇಳಿದರು. ತಾಳ ತಪ್ಪಿದವರನ್ನು ಮೇಷ್ಟ್ರು ಸ್ಟೇಜಿನ ಮೇಲಿಂದಲೇ ಬೈದರು, ಜನ ಅದಕ್ಕೂ ಶಿಳ್ಳೆ ಹೊಡೆದರು. ನನ್ನ ಬೆರಳು ಏರಿಸಿ ಇಳಿಸಿ ಜೋಮು ಹಿಡಿದಿತ್ತು. ಅಂಥ ಸುಖ ನನ್ನ ಕಸುಬಿನಲ್ಲಿ ಮತ್ತೆ ಸಿಕ್ಕಿಲ್ಲ.

ಕೊನೆಯ ಹಾಡಿಗೆ ಹೊತ್ತಾಗಿತ್ತು. ಮುಂದಿನ ಸಾಲಿನಲ್ಲಿ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಹಾಡುಗಾರನ ಹೆಂಡತಿ ಕೈ ಚಾಚಿದರು. ಮೈಕು ಅವರ ಕೈಗೆ ಹೋಯಿತು. ಬೇಸು ನಡೆಯುತ್ತಿತ್ತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕನೇ ಏಟಿನವರೆಗೂ ಕಾದು, ಮೇಷ್ಟ್ರ ಮುಖವನ್ನೇ ನೋಡುತ್ತ ಕೇಳಿದರು.

"ಗಿಟಾರು ಮಾರ್ತೀನಿ ಅಂದೋರು ಯಾರಣ್ಣಾ?"

ಬೇಕರಿಯವರೂ ಡ್ರಮ್ಮಿನವನೂ ಬೇಕಂತಲೇ ಬಾಯಿ ಮುಚ್ಚಿಕೊಂಡರು. ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತು. ಒಂದು ಕ್ಷಣ ಗಿಟಾರಿನ ಕತ್ತು ಬಿಗಿಯಾಗಿ ಹಿಡಿದು ನಿಂತರು. ಆಮೇಲೆ ಮೈಕಿಗೆ ಬಾಯಿ ಹಚ್ಚಿ, ತಾಳ ಗೀಳ ಎಲ್ಲ ಬಿಟ್ಟು, ಒಬ್ಬರೇ ಕಿರುಚಿದರು:

"ನಾವಲ್ಲ!"